ಮುಖವಿಲ್ಲದ ದೀಪ

ಸೆಗಣಿಯಿಂದ ಪಡಸಾಲೆ ಸಾರಿಸುತ್ತಿದ್ದೆ. ಗೋಡೆಯಲ್ಲಿ ದೀಪವಿಡುವ ಮಾಡದತ್ತ ಕಣ್ಣು ಹೋಗಿ ಕೈ ನಿಂತಿತು. ಹಿಂದಿನ ಸಂಜೆ ನಾನು ಮೂಡಣಕ್ಕೆ ಮುಖ ಮಾಡಿ ಇಟ್ಟಿದ್ದ ಹಣತೆ ಮತ್ತೆ ತೆಂಕಣಕ್ಕೆ ತಿರುಗಿತ್ತು. ಆ ಬದಿಯ ಸುಣ್ಣಕ್ಕೆಲ್ಲ ಮಸಿ.

ತೆಂಕಣ ನೋಡುವ ದೀಪ ಸತ್ತವರದು.

ನನ್ನ ಗಂಡ ತಿರಕಪ್ಪ ಸ್ವಾತಂತ್ರ್ಯ ಬಂದ ಮರುವರ್ಷ ಕತ್ತೆಯ ಮೇಲೆ ಮಣ್ಣಿನ ಗಡಿಗೆ ಹೇರಿಕೊಂಡು ನಮ್ಮ ಮುಂಡರಗಿಯಿಂದ ಕೊಪ್ಪಳದ ಸಂತೆಗೆ ಹೋದವರು. ಆಗ ಕೊಪ್ಪಳ ಗಡಿಯಾಚೆ, ನಿಜಾಮನ ಸೀಮೆ; ದಿನವೂ ಗಲಾಟೆ. ಕತ್ತೆಯೊಂದೇ ಮನೆ ಹುಡುಕಿಕೊಂಡು ಬಂತು. ಅದರ ಬೆನ್ನಿನ ಮೇಲೆ ಒಂದು ಗಡಿಗೆಯೂ ಒಡೆದಿರಲಿಲ್ಲ.

ಅತ್ತೆ ದೇವವ್ವ ನನ್ನ ಕುಂಕುಮ ಅಳಿಸಲು ಬಿಡಲಿಲ್ಲ. ಗಡಿ ಹೋದರೆ ಮಗ ಬರುತ್ತಾನೆ ಎನ್ನುತ್ತಿದ್ದರು. ನಿಜಾಮ ಹೋದ. ಈಗ ಕನ್ನಡ ಸೀಮೆಯೆಲ್ಲ ಒಂದಾಗಿ ಗಡಿಯೂ ಹೋಯಿತು. ಊರು ಪೇಢೆ ಹಂಚಿದ ಮರುದಿನದಿಂದಲೇ ಹಣತೆ ತಿರುಗತೊಡಗಿತು. ಗಂಡನೇ ರಾತ್ರಿ ಬಂದು ತಿರುಗಿಸುತ್ತಾರೆಂದು ಹೆದರುತ್ತಿದ್ದೆ. ಅವರು ಹೋದಾಗ ತೊಟ್ಟಿಲಲ್ಲಿದ್ದ ಮಗಳು ರಾಮವ್ವ ಮಸಿಯನ್ನೂ ನನ್ನನ್ನೂ ನೋಡಿ ಏನೋ ಕೇಳಲು ಬಾಯಿ ತೆರೆಯುವಳು. ನಾನು ಕೊಡ ಕೊಟ್ಟು ನೀರಿಗೆ ಕಳಿಸುವೆ.

ಕೊನೆಗೆ ಗಂಡ ಗಡಿಗೆ ಮಾಡುತ್ತಿದ್ದ ತಿಗರಿಯ ಮುಂದೆ ಕೂತು ಹೊಸ ಹಣತೆ ಮಾಡಿದೆ. ಎಣ್ಣೆ ಜಿನುಗದಂತೆ ಹಣತೆಯ ಒಳಮೈಯನ್ನು ನುಣುಪುಕಲ್ಲಿನಿಂದ ತಿಕ್ಕಿದೆ. ಬತ್ತಿಗೆ ಅಂಚಿನಲ್ಲಿ ಮೂತಿ ಇಡಲಿಲ್ಲ; ನಡುವೆ ಪುಟ್ಟ ಕೊಳವೆ ನಿಲ್ಲಿಸಿ, ಎಣ್ಣೆ ಏರಲೆಂದು ಅದರ ಬುಡಕ್ಕೆ ತೂತು ಕೊರೆದೆ. ಸುತ್ತಲೂ ದುಂಡಗೆ, ಮುಖವೇ ಇಲ್ಲ.

ಸುಟ್ಟು ತೆಗೆದಾಗ ಅತ್ತೆ ನಕ್ಕರು. "ಮೂಗಿಲ್ಲದ ಕೂಸು ಹಡದಂಗ ಮಾಡೀಯಲ್ಲಬೇ."

ಬತ್ತಿ ಗಿಡ್ಡ ಮಾಡಿ, ಕುಸುಬಿ ಎಣ್ಣೆ ಹಾಕಿ ಹಚ್ಚಿದೆ. ಉರಿ ನೆಟ್ಟಗೆ ನಿಂತಿತು, ಹೊಗೆಯಿಲ್ಲ. ಎಷ್ಟೋ ದಿನಗಳ ಮೇಲೆ ನಿದ್ದೆ ಬಂತು.

ಬೆಳಗಿನ ಜಾವ ಸೆಗಣಿ ಬುಟ್ಟಿ ಹಿಡಿದು ಬಂದರೆ ಮಾಡದ ಸುಣ್ಣ ಬೆಳ್ಳಗಿತ್ತು. ಅದರ ಮುಂದೆ ಅತ್ತೆ ನಿಂತಿದ್ದರು. ಕಣ್ಣು ಮಂಜಾದವರು, ಬೆರಳಿನಿಂದ ಅಂಚು ತಡವುತ್ತ ದೀಪವನ್ನು ತಿರುಗಿಸುತ್ತಲೇ ಇದ್ದರು. ತೆಂಕಣಕ್ಕೆ ಮಾಡಲು ಅದರ ಮುಖ ಸಿಗುತ್ತಿರಲಿಲ್ಲ. ನನ್ನ ಸುಳಿವು ಹತ್ತಿ ಕೈ ಸೆರಗಿನೊಳಗೆ ಎಳೆದುಕೊಂಡರು.

ಹಿಂದೆ ಹಾಸಿಗೆಯಲ್ಲಿ ರಾಮವ್ವ ಎದ್ದು ಕೂತಿದ್ದಳು. ಕೊಡಕ್ಕಾಗಿ ಕೈ ಚಾಚಿದೆ. ಅವಳು ಏಳಲಿಲ್ಲ.

"ಅವ್ವಾ," ಎಂದಳು, "ಅಪ್ಪ ಸತ್ತಾನೇನ?"