ಹತ್ತರಲ್ಲಿ ಒಬ್ಬರು

ಆ ಪ್ರೆಸ್ಸಿನಲ್ಲಿ ಅವಳನ್ನು ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದರು. ನಿಜವಾಗಿ ಅಕ್ಕ ಆಗಿದ್ದುದು ಒಬ್ಬನಿಗೆ ಮಾತ್ರ, ಕಟಿಂಗ್ ಮಷೀನಿನಲ್ಲಿ ದುಡಿಯುತ್ತಿದ್ದ ತಮ್ಮನಿಗೆ. ಅವನನ್ನು ಅಲ್ಲಿಗೆ ಸೇರಿಸಿದ್ದೂ ಅವಳೇ. ಅವಳದು ಪ್ರೂಫ್ ತಿದ್ದುವ ಕೆಲಸ.

ಒಂದು ಬೆಳಿಗ್ಗೆ ಬೈಂಡರ್, ಕೈಗಂಟಿದ ಗೋಂದನ್ನೂ ಒರೆಸಿಕೊಳ್ಳದೆ ಅವಳ ಮೇಜಿಗೆ ಓಡಿಬಂದ.

“ಅಕ್ಕಾ, ಯಜಮಾನರು ಫೋನಲ್ಲಿ ಯಾರಿಗೋ ‘ಡೆಸಿಮೇಟ್’ ಮಾಡ್ತೀನಿ ಅಂತಿದ್ರು. ಹಾಗಂದ್ರೆ ಸರ್ವನಾಶ ಅಲ್ವಾ? ಪ್ರೆಸ್ ಮುಚ್ತಾರಾ?”

ಉಳಿದವರೂ ಸುತ್ತ ನೆರೆದರು. ಅವಳಿಗೆ ನಗು ಬಂತು.

“ಈಗೇನೋ ಹಾಗೇ ಬಳಸ್ತಾರೆ. ಮೂಲ ಲ್ಯಾಟಿನ್. ನಮ್ಮ ‘ದಶ’ ಇದ್ದ ಹಾಗೆ ಅವರದು ‘ಡೆಸೆಮ್’, ಹತ್ತು. ರೋಮನ್ ಸೈನ್ಯದಲ್ಲಿ ಒಂದು ದಂಡು ತಿರುಗಿಬಿದ್ರೆ, ಹತ್ತು ಹತ್ತು ಜನರ ಗುಂಪು ಮಾಡಿ ಚೀಟಿ ಎತ್ತಿಸ್ತಿದ್ರು. ಯಾರ ಪಾಲಿಗೆ ಬಂತೋ ಅವನನ್ನ ಉಳಿದ ಒಂಬತ್ತು ಜನಾನೇ ಬಡಿದು ಕೊಲ್ಲಬೇಕಿತ್ತು.”

“ಅಯ್ಯೋ, ಜೊತೆಗಾರರೇನಾ?” ಎಂದ ತಮ್ಮ.

“ಹೌದೋ. ಅದೇ ಶಿಕ್ಷೆ.”

“ಹಾಗಾದ್ರೆ ನಮ್ಮಲ್ಲಿ ಒಂಬತ್ತು ತಲೆ ಉಳೀತು ಬಿಡಿ!” ಎಂದ ಬೈಂಡರ್. ಹೋದ ಜೀವ ಬಂದಂತೆ ಎಲ್ಲರೂ ನಕ್ಕರು. ಅಲ್ಲಿದ್ದವರು ಹತ್ತೇ ಜನ.

ಮಧ್ಯಾಹ್ನ ಯಜಮಾನರು ಮಷೀನುಗಳನ್ನೆಲ್ಲ ನಿಲ್ಲಿಸಿದರು.

“ಕೆಲಸ ಕಡಿಮೆ ಆಗಿದೆ. ಒಬ್ಬರು ಹೋಗಲೇಬೇಕು. ಆ ಪಾಪ ನನಗ್ಯಾಕೆ? ನೀವೇ ಆರಿಸಿ. ಒಬ್ಬೊಬ್ಬರ ಹೆಸರು ಕರೀತೀನಿ, ಹೋಗಲಿ ಅನ್ನೋರು ಕೈ ಎತ್ತಿ.”

ಬೈಂಡರ್ ಹೆಸರಿಗೆ ಯಾರೂ ಎತ್ತಲಿಲ್ಲ. ತಮ್ಮನ ಹೆಸರಿಗೆ ಎರಡು ಕೈ ಎದ್ದವು; ಯಾರವೆಂದು ಅಕ್ಕ ತಿರುಗಿ ನೋಡಿದಳು. ಆಮೇಲೆ ಅವಳ ಹೆಸರು.

ಬೈಂಡರ್ ನೆಲ ನೋಡುತ್ತಾ ಕೈ ಎತ್ತಿದ. ಇನ್ನೊಂದು ಎದ್ದಿತು, ಮತ್ತೊಂದು. ಅವಳು ಎಣಿಸಲಿಲ್ಲ. ಅವಳ ಕಣ್ಣು ಕಟಿಂಗ್ ಮಷೀನಿನ ಪಕ್ಕ ಎದ್ದ ಕೈಯಲ್ಲೇ ನೆಟ್ಟಿತ್ತು. ಅದರ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು. ಬೆಳಿಗ್ಗೆ ಅವಳೇ ಕಟ್ಟಿದ್ದು.

“ಲೋ…” ಎಂದಳು.

“ನೀನು ಓದಿದೋಳು ಅಕ್ಕ, ಎಲ್ಲಿ ಹೋದ್ರೂ ಬದುಕ್ತೀಯ,” ಎಂದ ಅವನು, ಕೈ ಇಳಿಸದೆಯೇ. “ನನಗೆ ಇದೊಂದು ಬಿಟ್ರೆ ಏನು ಬರುತ್ತೆ ಹೇಳು?”

ಎದ್ದ ಕೈಗಳನ್ನು ಎಣಿಸಿದ ಯಜಮಾನರು, ಉಳಿದ ಹೆಸರು ಕರೆಯದೆ, ತಲೆಯಾಡಿಸಿ ಒಳಗೆ ಹೋದರು. ಮಷೀನುಗಳು ಮತ್ತೆ ಗಡಗಡ ಶುರುವಾದವು. ಅರ್ಧ ತಿದ್ದಿದ ಪುಟವನ್ನು ಹಾಗೇ ಬಿಟ್ಟು ಅವಳು ಚೀಲ ಹೆಗಲಿಗೇರಿಸಿದಳು. ಬಾಗಿಲವರೆಗೂ ಯಾರೂ ಬರಲಿಲ್ಲ. ಮನೆಯ ತಿರುವು ದಾಟಿ ಎಷ್ಟು ದೂರ ನಡೆದಳೋ, ಗುರುತಿಲ್ಲದ ಬೀದಿಯಲ್ಲಿ ಅಂಗಡಿಯವನೊಬ್ಬ “ಏನು ಬೇಕಮ್ಮಾ?” ಎಂದಾಗಲೇ ಅವಳಿಗೆ ಎಚ್ಚರವಾದದ್ದು.

ಸಂಜೆ ತಮ್ಮ ಎಂದಿನಂತೆ ಮನೆಗೆ ಬಂದು, ಕೈ ತೊಳೆದು ಊಟಕ್ಕೆ ಕೂತ. ಅವಳು ತಟ್ಟೆ ಇಟ್ಟಳು. ಸೌಟು ಹಿಡಿದ ಕೈ ಮಾತ್ರ ಮುಂದಕ್ಕೆ ಹೋಗಲಿಲ್ಲ.

“ಅಮ್ಮಾ,” ಎಂದು ಕರೆದಳು, “ಇವನಿಗೆ ನೀನೇ ಬಡಿಸು.”