ಅಂಟದೆ ಉಳಿದ ಅಂಚು

ರಾಜನ ಗಡ್ಡ ಎಡಗಿವಿಯ ಹತ್ತಿರ ಬಿಟ್ಟುಕೊಂಡಿದೆ, ಒಂದು ಬೆರಳಗಲ, ಅವನು ಗುಡುಗಿದಾಗಲೆಲ್ಲ ಪಟಪಟ ಅಲ್ಲಾಡುತ್ತಿದೆ, ಪ್ರೇಕ್ಷಕರ ಮುಂದಿನ ಸಾಲಿನಲ್ಲಿ ಕಾಲಮೇಲೆ ಕಾಲು ಹಾಕಿ ಕೂತ ಮಂತ್ರಿಗಳಿಗೆ ಅದು ಕಾಣುವುದಿಲ್ಲ, ಸಿಂಹಾಸನದ ಪಕ್ಕ ರಾಜಮಾತೆಯಾಗಿ ನಿಂತ ಅವಳಿಗೆ ಮಾತ್ರ ಕಾಣುತ್ತದೆ — ಕಾಣದೇ ಏನು, ಅಂಟಿಸಿದವಳೇ ಅವಳು, ಬೇರೆಯವರು ಗೋಂದು ಹಚ್ಚಿದರೆ ರಾಜನ ವೇಷದ ತಮ್ಮನ ಮುಖಕ್ಕೆ ದದ್ದು ಏಳುತ್ತದಂತೆ, ಅಕ್ಕನ ಕೈಯೇ ಆಗಬೇಕು, ಇವತ್ತೂ ಕನ್ನಡಿಯ ಮುಂದೆ ಅವನ ಗದ್ದ ಹಿಡಿದು, ಬಲಗಡೆ ಒದ್ದೆ ಬಟ್ಟೆಯಲ್ಲಿ ಒತ್ತಿ, ಎಡಗಡೆಗೆ ಬರುವಷ್ಟರಲ್ಲಿ ಅವನು ತುಟಿ ಅಲ್ಲಾಡಿಸದೆ ಹೇಳಿದ, ಅಕ್ಕಾ, ಆ ಕೊನೇ ಮಾತು ಇವತ್ತು ಬೇಡ, ಸುಮ್ನೆ ತಲೆ ಮೇಲೆ ಕೈಯಿಟ್ಟು ಹರಸಿಬಿಡು. ಅಲ್ಲಿಗೆ ಅವಳ ಕೈ ನಿಂತುಹೋಯಿತು. ಕೊನೇ ಮಾತು ಬೇಡವಂತೆ, ಈ ನಾಟಕ ಇರುವುದೇ ಆ ಮಾತಿಗಾಗಿ, ಅಣ್ಣನನ್ನು ಕೊಲ್ಲಿಸಿ ಪಟ್ಟಕ್ಕೇರಿದ ಮಗನನ್ನು ತುಂಬಿದ ಸಭೆಯಲ್ಲಿ ತಾಯಿ ಕೊಲೆಗಾರ ಎಂದು ಕರೆಯಬೇಕು, ಬರೆದವನು ಅವಳ ಗಂಡ, ಆಸ್ಪತ್ರೆಯ ಮಂಚದ ಮೇಲೆ ಉಸಿರು ಎಳೆದುಕೊಳ್ಳುತ್ತ ತಿದ್ದಿದವನು, ಇದೊಂದನ್ನ ಯಾರು ಹೇಳಿದ್ರೂ ಬಿಡ್ಬೇಡ ಕಣೇ ಎಂದವನು. ಭಾವ ಇದ್ದಿದ್ರೆ ಅವ್ರೇ ಒಪ್ತಿದ್ರು ಅಕ್ಕಾ, ಕಾಲ ನೋಡ್ಕೊಂಡು ನಡೀಬೇಕಲ್ವಾ. ಒಪ್ಪುತ್ತಿದ್ದರಂತೆ, ಸತ್ತವರ ಬಾಯಿಗೆ ಮಾತು ತುರುಕುವ ಧೈರ್ಯ ನೋಡು, ಮೈಯೆಲ್ಲ ಉರಿಯುತ್ತದೆ ಅವಳಿಗೆ, ಮುಂದಿನ ಸಾಲಿನ ಆ ಮಂತ್ರಿ ಸ್ವಂತ ಅಣ್ಣನನ್ನು ಜೈಲಿಗೆ ತಳ್ಳಿ ಕುರ್ಚಿ ಹಿಡಿದದ್ದು ಊರಿಗೆಲ್ಲ ಗೊತ್ತು, ಅವನಿಗೆ ಮುಜುಗರ ಆಗಬಾರದು, ಆಯಿತೋ ತಮ್ಮನಿಗೆ ಸರ್ಕಾರಿ ರಂಗಮಂದಿರದ ಅಧಿಕಾರ ತಪ್ಪುತ್ತದೆ, ಅಷ್ಟೇ ತಾನೇ, ಅಷ್ಟಕ್ಕೆ ಅವಳ ನಾಲಿಗೆ ಕತ್ತರಿಸಬೇಕು.

ಕಂಕುಳಲ್ಲಿ ಎತ್ತಿ ಆಡಿಸಿದ ಕೂಸು ಇದು, ಆಗಲೂ ಹೀಗೇ, ಬೇಕಾದ್ದು ಸಿಗುವ ತನಕ ಅಕ್ಕಾ ಅಕ್ಕಾ ಎಂದು ಸೆರಗು ಬಿಡುತ್ತಿರಲಿಲ್ಲ, ಸಿಕ್ಕಮೇಲೆ ತಿರುಗಿಯೂ ನೋಡುತ್ತಿರಲಿಲ್ಲ — ದೀಪದವನಿಗೂ ಹೇಳಿಟ್ಟಿದ್ದಾನೆ, ಅಕ್ಕನ ಕೈ ನನ್ನ ತಲೆಗೆ ತಾಗಿದ್ದೇ ಬೆಳಕು ಆರಿಸಿಬಿಡು, ಹರಸಿದಮೇಲೆ ಬಾಯಿ ತೆರೆದರೂ ಕತ್ತಲಲ್ಲಿ, ಚಪ್ಪಾಳೆಯಲ್ಲಿ, ಯಾರಿಗೆ ಕೇಳಬೇಕು, ಎಲ್ಲ ಬಾಗಿಲೂ ಮುಚ್ಚಿ ಬಂದಿದ್ದಾನೆ ಜಾಣ, ಬಣ್ಣ ಹಚ್ಚದಿದ್ದರೂ ರಾಜನೇ ಇವನು. ಈಗ ಮಂಡಿಯೂರುತ್ತಾನೆ, ತಾಯೇ, ನಿನ್ನ ಮಗನನ್ನು ಹರಸು, ದನಿಯಲ್ಲಿ ಎಷ್ಟು ಬೆಣ್ಣೆ, ಮಂತ್ರಿಗಳು ಮುಂದಕ್ಕೆ ಬಾಗುತ್ತಾರೆ, ಮೇಲೆ ದೀಪದವನು ಗುಂಡಿಯ ಮೇಲೆ ಬೆರಳಿಟ್ಟು ಅವಳ ಕೈಯನ್ನೇ ನೋಡುತ್ತಿದ್ದಾನೆ, ಕೈಯನ್ನು, ಅಂದರೆ ಕೈ ತಾಗುವವರೆಗೆ ಬೆಳಕು ಇದ್ದೇ ಇರುತ್ತದೆ, ತಾಗದಿದ್ದರೆ — ಕೈ ಎತ್ತುತ್ತಾಳೆ, ಅದು ತಲೆಯವರೆಗೆ ಹೋಗುವುದಿಲ್ಲ, ಕಿವಿಯ ಹತ್ತಿರ ನಿಲ್ಲುತ್ತದೆ, ತಮ್ಮನ ಕಣ್ಣು ಮೇಲೇಳುತ್ತದೆ, ಅಕ್ಕಾ, ತಲೆ ಮೇಲೆ, ಬೇಡ ಅಕ್ಕಾ, ಎಂದು ಪಿಸುಗುಡುತ್ತಾನೆ, ಗಂಡನ ಮಾತು ಅವಳ ಗಂಟಲಿಗೆ ಬಂದು ನಿಂತಿದೆ, ಬೆಳಕು ಆರಿಲ್ಲ, ಎರಡು ಬೆರಳ ನಡುವೆ ಗೋಂದಿನ ತಣ್ಣನೆ ಜಿಗುಟು, ಒಂದು ಬೆರಳಗಲ, ಎಡಗಿವಿಯ ಹತ್ತಿರ, ಬಿಟ್ಟುಕೊಂಡ ಗಡ್ಡದ ಅಂಚು