ದೋ ಓಕ್ಬುನ್ ಕೆರೆದ ನೆಲ

ಪ್ಯೋ ಜಿನ್ತೇಯ ಬಿಳಿ ವ್ಯಾನು ಊರೊಳಗೆ ಬಂತೆಂದರೆ ಯಾರದೋ ಮನೆ ಕಟ್ಟುವ ಕೆಲಸ ಕೆಟ್ಟಿತು ಎಂದೇ ಅರ್ಥ. ಕೊರಿಯಾದ ಹಳೆಯ ರಾಜಧಾನಿ ಗ್ಯೊಂಗ್ಜು ಸೀಮೆಯಲ್ಲಿ ಉಪ್ಪಿನಕಾಯಿಯಂಥ ಕಿಮ್ಚಿಯ ಜಾಡಿ ಹೂಳಲು ಗುಂಡಿ ತೋಡಿದರೂ ಯಾವನೋ ಸತ್ತ ರಾಜ ಎದ್ದು ಕೂರುತ್ತಾನೆ ಎಂದು ಜನ ನಗುತ್ತಾರೆ. ತಮ್ಮ ಹಿತ್ತಲಲ್ಲೇ ಎದ್ದಾಗ ನಗುವುದಿಲ್ಲ. ಪಾಯ ತೋಡುವ ಮೊದಲು ಪ್ಯೋನಂಥ ಪುರಾತತ್ವದವರು ಅಗೆದು ನೋಡಬೇಕೆಂದು ಕಾನೂನು. ಇಪ್ಪತ್ತನಾಲ್ಕು ವರ್ಷ ಅವನು ರಸ್ತೆ, ಕಾರ್ಖಾನೆ, ಅಪಾರ್ಟ್‌ಮೆಂಟುಗಳಿಗಿಂತ ಒಂದು ಹೆಜ್ಜೆ ಮುಂದೆ ಓಡುತ್ತ ನೆಲ ಅಗೆದಿದ್ದ. ಜನ ಅವನ ಮೇಲೆ ನಾಯಿ ಬಿಟ್ಟಿದ್ದರು, ವ್ಯಾನಿನ ಟೈರು ಚುಚ್ಚಿದ್ದರು, ನುಣ್ಣಗೆ ಕೆರೆದಿಟ್ಟ ಹೊಂಡಕ್ಕೆ ಹಂದಿಗೊಬ್ಬರದ ನೀರು ಸುರಿದಿದ್ದರು. ಅದೆಲ್ಲ ಹೊರಗಿನವರ ಹಗೆ. ಸಂಜೆ ಕೈಕಾಲು ತೊಳೆದರೆ ಹೋಗುತ್ತಿತ್ತು.

ದೋ ಓಕ್ಬುನಳದು ಹಾಗಲ್ಲ. ಅವಳು ಹನ್ನೊಂದು ವರ್ಷ ಅವನ ಕೈಕೆಳಗೆ ದಿನಗೂಲಿಗೆ ಮಣ್ಣು ಕೆರೆದವಳು. ಅರವತ್ತಾರರ ಹೆಂಗಸು, ಕುಕ್ಕರಗಾಲಲ್ಲಿ ಕೂತು ಕೈಗುದ್ದಲಿ ಎಳೆಯುತ್ತಿದ್ದರೆ ಮಣ್ಣಿನ ಬಣ್ಣ ಕೂದಲೆಳೆಯಷ್ಟು ಬದಲಾದರೂ ಕೈ ತಾನಾಗಿ ನಿಲ್ಲುತ್ತಿತ್ತು. ಪದವಿ ಪಡೆದವರು ಗುರುತಿಸದೆ ತುಳಿದುಕೊಂಡು ಹೋದ ಎರಡು ಹಳೆಯ ಗೋರಿಗಳನ್ನು ಕಂಡುಹಿಡಿದವಳು ಅವಳು.

ಭೂಕಂಪದಲ್ಲಿ ಅವಳ ಮನೆಯ ಗೋಡೆಗಳು ಬಿರಿದವು. ಮನೆ ಕೆಡವಿಸಿ, ಅದೇ ಜಾಗದ ಮೂಲೆಯಲ್ಲಿ ಒಂದು ತಗಡಿನ ಕಂಟೇನರಿನೊಳಗೆ ಇದ್ದುಕೊಂಡು, ಹೊಸ ಮನೆಗೆ ಅರ್ಜಿ ಹಾಕಿದಳು. ಪರೀಕ್ಷೆಗೆಂದು ತೋಡಿದ ಮೊದಲ ಕಾಲುವೆಯಲ್ಲೇ ಹಳೆಯ ಹೆಂಚಿನ ಚೂರುಗಳು ಸಿಕ್ಕವು. ಜಾಗವನ್ನು ಪೂರ್ತಿ ಅಗೆಯಬೇಕೆಂದು ಆದೇಶವಾಯಿತು.

ಪ್ಯೋ ಈ ಕೆಲಸ ಬೇಡವೆಂದ. ಅವನು ಕೆಲಸ ಮಾಡುವ ಉತ್ಖನನ ಸಂಸ್ಥೆಯ ನಿರ್ದೇಶಕ ಒಪ್ಪಲಿಲ್ಲ. "ಆ ಮುದುಕಿ ಬೇರೆ ಯಾರನ್ನೂ ಒಳಕ್ಕೆ ಬಿಡಲ್ಲ ಕಣಯ್ಯ. ನೀನಾದ್ರೆ ಬೈದಾದ್ರೂ ಬಿಡ್ತಾಳೆ."

ಮೊದಲ ದಿನ ಅವಳು ಗೇಟಿನಲ್ಲೇ ನಿಂತಿದ್ದಳು.

"ಬನ್ನಿ ಮೇಷ್ಟ್ರೇ, ಬನ್ನಿ. ಊರೋರ ಮನೆಯೆಲ್ಲಾ ಮುಗೀತು, ಇನ್ನು ನಮ್ದೊಂದು ಬಾಕಿ ಇತ್ತು ಅಲ್ವಾ?"

"ಅಮ್ಮಾ, ಆದಷ್ಟು ಬೇಗ ಮುಗಿಸ್ತೀನಿ."

"ಹಾಗಂತ ಎಲ್ರಿಗೂ ಹೇಳ್ತೀರಿ. ಹನ್ನೊಂದು ವರ್ಷ ನಿಮ್ಮ ಪಕ್ಕದಲ್ಲೇ ಕೂತು ಕೇಳಿಸ್ಕೊಂಡಿದೀನಿ. ಕೂಲಿ ಪಟ್ಟೀಲಿ ನನ್ನ ಹೆಸರೂ ಬರ್ಕೊಳ್ಳಿ. ನನ್ನ ಮನೆ ಎದೆ ಬಗೆಯೋದಾದ್ರೆ ನಾನೇ ಬಗೀತೀನಿ."

ಜಾಗದ ಒಡತಿಯನ್ನು ಅದೇ ಜಾಗದಲ್ಲಿ ಕೂಲಿಗೆ ಇಟ್ಟುಕೊಳ್ಳಬಾರದೆಂದು ಪ್ಯೋನಿಗೆ ಗೊತ್ತಿತ್ತು. ಆದರೂ ಬರೆದುಕೊಂಡ. ಅವನ ಸಹಾಯಕಿ ಗ್ವಾಕ್ ಸೋರಾ ಮೂವತ್ತೈದರ ಕಟ್ಟುನಿಟ್ಟಿನ ಸಂಶೋಧಕಿ. ಅವಳು ಪಟ್ಟಿ ನೋಡಿ, ತುಟಿ ಬಿಗಿದು ಅದನ್ನು ಫೈಲಿಗೆ ಸೇರಿಸಿದಳು.

ಓಕ್ಬುನ್ ದಿನವೂ ಬಂದಳು, ದಿನವೂ ಕುಟುಕಿದಳು. ಪ್ಯೋ ಪೇಪರ್ ಲೋಟದಲ್ಲಿ ಕಾಫಿ ಕೊಟ್ಟರೆ ಅವನೆದುರೇ ಚೆಲ್ಲಿದಳು. ಅವನು ಬಾಗಿ ನೋಡಿದರೆ, "ಏನ್ರೀ, ನಮ್ಮತ್ತೆ ಸಿಕ್ಕಿದ್ಲಾ? ಬಿಡ್ಬೇಡಿ, ಅವಳನ್ನೂ ಮ್ಯೂಸಿಯಮ್ಮಿಗೆ ಹಾಕಿ" ಎಂದಳು. ಜೊತೆಯ ಹೆಂಗಸರು ನಕ್ಕರು. ಅವಳು ನಗಲಿಲ್ಲ.

ಹತ್ತನೇ ದಿನ ಹಳದಿ ಮಣ್ಣಿನ ಮೇಲೆ ಗುಂಡನೆಯ ಕಪ್ಪು ಕಲೆಗಳು ಕಂಡವು. ಮೂರು ಸಾಲು, ಸಾಲಿಗೆ ನಾಲ್ಕು.

"ಅದು ನಮ್ಮಾವ ಹಾಕಿದ್ದ ಹಿಪ್ಪುನೇರಳೆ ಗಿಡದ ಗುಂಡಿ," ಎಂದಳು ಓಕ್ಬುನ್, ಯಾರೂ ಕೇಳುವ ಮೊದಲೇ. "ರೇಷ್ಮೆಹುಳ ಸಾಕ್ತಿದ್ರು."

ಊರಲ್ಲಿ ಹಿಂದೆ ರೇಷ್ಮೆ ಸಾಕಿದ್ದು ನಿಜ. ಆದರೆ ಕಲೆಗಳ ನಡುವಿನ ಅಂತರ ಎಲ್ಲ ಕಡೆಯೂ ಒಂದೇ; ಗಿಡ ನೆಡುವವರು ಅಷ್ಟು ಅಳೆದು ನೆಡುವುದಿಲ್ಲ, ಕಂಬ ನಿಲ್ಲಿಸುವವರು ನಿಲ್ಲಿಸುತ್ತಾರೆ. ಪ್ಯೋ ತನ್ನ ಟಿಪ್ಪಣಿ ಪುಸ್ತಕದಲ್ಲಿ "ಗಿಡದ ಗುಂಡಿ?" ಎಂದು ಬರೆದ. ಸಂಜೆ ವ್ಯಾನಿನಲ್ಲಿ ಒಬ್ಬನೇ ಕೂತು ಕಂಟೇನರಿನ ಕಡೆ ನೋಡಿದ. ಅವಳು ಹೊರಗೆ ಬೋಗುಣಿ ಇಟ್ಟುಕೊಂಡು ಅಕ್ಕಿ ತೊಳೆಯುತ್ತಿದ್ದಳು. ಅವನು ಆ ಪ್ರಶ್ನಾರ್ಥಕ ಚಿಹ್ನೆಯನ್ನು ರಬ್ಬರಿನಿಂದ ಅಳಿಸಿದ. ಇಷ್ಟು ವರ್ಷದಲ್ಲಿ ಅಂಥದ್ದನ್ನು ಅವನು ಮಾಡಿದ್ದು ಅದೇ ಮೊದಲು. ಗಿಡದ ಗುಂಡಿಯಾದರೆ ಉಳಿಸುವಂಥದ್ದೇನೂ ಇಲ್ಲ; ಫೋಟೋ ತೆಗೆದು ಮುಗಿದರೆ ಒಂದು ವಾರದಲ್ಲಿ ಹೊಂಡ ಮುಚ್ಚಿ ಜಾಗ ಬಿಟ್ಟುಕೊಡಬಹುದಿತ್ತು.

ಮಾರನೆಯ ದಿನ ಸುಡುಬಿಸಿಲು. ಬಿಸಿಲಲ್ಲಿ ಕಲೆಗಳು ಫೋಟೋಗೆ ಹತ್ತುವುದಿಲ್ಲ. ಮಧ್ಯಾಹ್ನ ಮೋಡ ಬರಲೆಂದು ಕಾದರು. ಊಟದ ಹೊತ್ತಿಗೆ ಎಲ್ಲರೂ ಸೊಪ್ಪಿನ ಸಾರಿನ ಅಂಗಡಿಗೆ ಹೋದರು. ಓಕ್ಬುನ್ ಹಸಿವಿಲ್ಲವೆಂದು ಉಳಿದಳು.

ಮರಳಿ ಬಂದಾಗ ಕಲೆಗಳು ಇರಲಿಲ್ಲ. ಅವಳು ಹೊಂಡದ ನಡುವೆ ಬೆವರಿ ನಿಂತಿದ್ದಳು. ಫೋಟೋಗೆ ಮೊದಲೇ ಕಲೆ ಅಳಿಸಿಬಿಡಲೆಂದು ನೆಲವನ್ನು ನಾಲ್ಕು ಬೆರಳು ಆಳ ಕೆರೆದು ಮಣ್ಣನ್ನು ಗುಡ್ಡೆ ಹಾಕಿದ್ದಳು. ಕಲೆಗಳಿದ್ದ ಹನ್ನೆರಡು ಕಡೆಯೂ ಈಗ ಮುಷ್ಟಿಗಾತ್ರದ ಹೊಳೆಕಲ್ಲುಗಳು ಮೇಲೆದ್ದಿದ್ದವು, ಒತ್ತೊತ್ತಾಗಿ, ದುಂಡಗೆ ಜೋಡಿಸಿದಂತೆ.

ಆ ಕಲ್ಲುಗಳು ಏನೆಂದು ಅಲ್ಲಿದ್ದ ಯಾರಿಗೂ ಹೇಳಿಕೊಡಬೇಕಿರಲಿಲ್ಲ. ದೊಡ್ಡ ಕಟ್ಟಡದ ಕಂಬದ ಕೆಳಗೆ ತುಂಬುವ ಕಲ್ಲು ಅದು. ಓಕ್ಬುನಳಿಗೂ ಗೊತ್ತಿತ್ತು. ಕೈಯಲ್ಲಿ ಗುದ್ದಲಿ ಹಾಗೇ ಇತ್ತು. ಇನ್ನೂ ಕೆರೆದರೆ ಕಲ್ಲು ಇನ್ನಷ್ಟು ಕಾಣುತ್ತದೆ ಅಷ್ಟೆ.

ಸೋರಾ ಫೋನು ತೆಗೆದಳು. "ಇದು ಪೊಲೀಸ್ ಕೇಸು. ನಾನೀಗ್ಲೇ ಹೇಳ್ತೀನಿ."

"ಒಳಗಿಡು," ಎಂದ ಪ್ಯೋ.

"ಸರ್, ಅವರು ಬೇಕೂಂತಲೇ…"

"ಒಳಗಿಡು ಅಂದೆ!" ಅವನು ಅಷ್ಟು ಜೋರಾಗಿ ಕೂಗಿದ್ದನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಹೊಂಡಕ್ಕಿಳಿದು ಓಕ್ಬುನಳ ಎದುರು ನಿಂತ. "ಗಿಡದ ಗುಂಡಿ ಅಂತಲೇ ಬರೆದಿದ್ದೆ ಕಣಮ್ಮ. ನಿನ್ನೆ ಸಂಜೇನೇ ಬರೆದಿದ್ದೆ. ಇನ್ನೊಂದು ವಾರಕ್ಕೆ ಮುಚ್ಚಿ ಕೊಡ್ತಿದ್ದೆ."

ಅವಳು ಅವನನ್ನು ನೋಡಿದಳು.

"ಹೇಳೋಕೆ ಬಾಯಿ ಸೇದೋಗಿತ್ತಾ?"

"ಹೇಳೋ ಹಾಗಿರ್ಲಿಲ್ಲ."

"ಹನ್ನೊಂದು ವರ್ಷ 'ಅಮ್ಮ, ನಿಮ್ಮ ಕಣ್ಣು ಚಿನ್ನ' ಅಂತ ಹಲ್ಕಿರೀತಿದ್ದಲ್ಲೋ. ಒಂದು ಮಾತು! ಕಣ್ಣು ಮಿಟುಕಿಸಿದ್ರೂ ನಂಗೆ ಅರ್ಥ ಆಗ್ತಿತ್ತು. ದೊಡ್ಡೋನಾಗಿ ಒಬ್ನೇ ಕೂತು ನನ್ನ ಹಣೇಬರಹ ಬರೀತಿದ್ದೆಯಾ? ಥೂ!"

ಉಗುಳು ಅವನ ಬೂಟಿನ ಮೇಲೆ ಬಿತ್ತು. ಅವಳು ಗುದ್ದಲಿಯನ್ನು ಅಲ್ಲೇ ಎಸೆದು ಕಂಟೇನರಿನೊಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಮೂರು ಗಂಟೆಗೆ ಮೋಡ ಬಂತು. ಸೋರಾ ಕಲ್ಲುಗಳ ಫೋಟೋ ತೆಗೆದಳು.

ತಜ್ಞರು ಬಂದರು, ಛತ್ರಿ ಹಿಡಿದು ಹೊಂಡದ ಸುತ್ತ ನಡೆದರು, ಸಾವಿರ ವರ್ಷ ಹಿಂದಿನ ಸಿಲ್ಲಾ ರಾಜರ ಕಾಲದ ಅರಮನೆಯಂಥ ಕಟ್ಟಡವೆಂದು ಮೆಚ್ಚಿದರು. ಜಾಗವನ್ನು ಇದ್ದ ಹಾಗೇ ಉಳಿಸಬೇಕು, ಮೇಲೆ ಏನೂ ಕಟ್ಟಕೂಡದು ಎಂದು ತೀರ್ಮಾನವಾಯಿತು. ಬದಲಿ ಜಾಗದ ಮಾತು ಕಾಗದದಲ್ಲಿತ್ತು, ತಾರೀಖು ಇರಲಿಲ್ಲ. ಚಳಿಗಾಲಕ್ಕೆ ಮುಂಚೆ ಕಂಟೇನರನ್ನೂ ಕ್ರೇನಿನಲ್ಲಿ ಎತ್ತಿ ಪಕ್ಕದೂರಿನ ಸ್ಟ್ರಾಬೆರಿ ತೋಟದ ಹಿಂದೆ ಇಟ್ಟರು. ಅಲ್ಲಿಂದ ಅವಳು ಇನ್ನೊಂದು ಸಂಸ್ಥೆಯ ಅಗೆತಕ್ಕೆ ಕೂಲಿಗೆ ಹೋಗತೊಡಗಿದಳು.

ಪ್ಯೋ ವರದಿ ಬರೆಯಲು ಒಂದೂವರೆ ವರ್ಷ ತೆಗೆದುಕೊಂಡ. ಆ ಮಧ್ಯಾಹ್ನದ ಬಗ್ಗೆ ಏನು ಬರೆಯುವುದೆಂದು ಅವನಿಗೂ ಸೋರಾಳಿಗೂ ಜಗಳವಾಯಿತು. ಕಲೆಗಳನ್ನು ಬೇಕೆಂದೇ ಕೆರೆದು ಅಳಿಸಿದಳೆಂದು ಬರೆದರೆ ಅವಳು ಜೈಲಿಗೆ, ಬರೆಯದಿದ್ದರೆ ಸುಳ್ಳು. ಕೊನೆಗೆ ಅವನು ಬರೆದದ್ದು ಒಂದೇ ಸಾಲು: "ಪಾಯದ ಕಲ್ಲುಗಳನ್ನು ಮೊದಲು ಹೊರತೆಗೆದವರು ದೋ ಓಕ್ಬುನ್." ಹನ್ನೊಂದು ವರ್ಷದ ಯಾವ ವರದಿಯಲ್ಲೂ ಅವಳ ಹೆಸರು ಬಂದಿರಲಿಲ್ಲ, "ಕೆಲಸಗಾರರು, ಎಂಟು ಜನ" ಎಂದಷ್ಟೇ ಇರುತ್ತಿತ್ತು. ಇದಾದರೂ ಅವಳಿಗೆ ಸಲ್ಲಲಿ ಎಂದುಕೊಂಡ. ಆ ಸಾಲು ಸುಳ್ಳೂ ಅಲ್ಲ ಎಂದು ಸಮಾಧಾನಪಟ್ಟ.

ವರದಿ ಪುಸ್ತಕವಾಗಿ ಅಚ್ಚಾದಾಗ ತಾನೇ ಕೊಂಡೊಯ್ದ. ಅವಳು ಸ್ಟ್ರಾಬೆರಿ ತೋಟದ ಹಿಂದೆ ಮೂಲಂಗಿಗೆ ಉಪ್ಪು ಸವರುತ್ತಿದ್ದಳು. ಅವನು ಎದುರಿಗೆ ಕುಕ್ಕರಗಾಲಲ್ಲಿ ಕೂತು ಪುಟ ತೆರೆದು ತೋರಿಸಿದ. ಉಪ್ಪಿನ ಬೆರಳನ್ನೇ ಸಾಲಿನ ಮೇಲೆ ಓಡಿಸಿ ಓದಿದಳು. ಇನ್ನೊಮ್ಮೆ ಓದಿದಳು.

"ನಿಮ್ಮ ಹೆಸರಮ್ಮ," ಎಂದ ಪ್ಯೋ.

"ಕಾಣ್ತಿದೆ." ಅವಳ ದನಿ ತಣ್ಣಗಿತ್ತು. "ನನ್ನ ಮನೆ ಕಿತ್ಕೊಂಡೋಳು ನಾನೇ ಅಂತ ಅಚ್ಚು ಹಾಕ್ಸಿದೀಯ. ಎರಡು ಗೋರಿ ಹುಡುಕಿಕೊಟ್ಟಾಗ ನನಗೊಂದು ಹೆಸರಿದೆ ಅಂತ ನಿಂಗೆ ನೆನಪಾಗ್ಲಿಲ್ಲ."

"ಹಾಗಲ್ಲಮ್ಮ, ನಾನು…"

"ಎದ್ದೇಳು ಮೇಲೆ."

ಅವನು ಎದ್ದ. ಅವಳು ಬೋಗುಣಿಯಿಂದ ಹಿಡಿ ಉಪ್ಪು ತೆಗೆದು, ಪೀಡೆ ಹೋಗಲೆಂದು ಎರಚುವಂತೆ, ಅವನ ಎದೆಗೆ ಎರಚಿದಳು. ವ್ಯಾನಿನವರೆಗೂ ಎರಚುತ್ತ ಬಂದಳು. ಪುಸ್ತಕವನ್ನು ಮಾತ್ರ ಹಿಂದಕ್ಕೆ ಕೊಡಲಿಲ್ಲ.

ಆ ವರ್ಷವೇ ಹೊಸ ಹೆದ್ದಾರಿಯ ಅಗೆತಕ್ಕೆ ಎರಡೂ ಸಂಸ್ಥೆಗಳು ಅಕ್ಕಪಕ್ಕದ ಹೊಲ ಹಿಡಿದವು. ನಡುವೆ ಒಂದು ಹಗ್ಗ, ಅಷ್ಟೆ. ಅತ್ತ ಅವಳು ಮೇಸ್ತ್ರಿಯಾಗಿ ಹತ್ತು ಹೆಂಗಸರಿಗೆ ಮಣ್ಣು ಕೆರೆಯುವುದನ್ನು ಹೇಳಿಕೊಡುತ್ತಿದ್ದಳು. ಪ್ಯೋ ಮೊದಲ ದಿನ ತಲೆಬಾಗಿ ನಮಸ್ಕಾರ ಮಾಡಿದ. ಅವಳು ಹೆಂಗಸರ ಕಡೆ ತಿರುಗಿ, ಅವನಿಗೆ ಕೇಳುವಷ್ಟು ಜೋರಾಗಿ, "ಹಗ್ಗದ ಆಚೆ ಇರೋರ ಜೊತೆ ಮಾತು ಬೇಡ" ಎಂದಳು. ಕೆಲಸ ಐದು ತಿಂಗಳು ನಡೆಯಿತು. ಹೆಂಗಸರು ಅವಳ ಮಾತು ಮೀರಲಿಲ್ಲ.